ರಿಟೈರ್ ಆದ್ಮೇಲೆ ಗಂಡ ಹೆಂಡ್ತಿ ಉತ್ತರದ ದ್ವೀಪಗಳಿಗೆ ಹೋಗೋದು ಹೇಗೆ: ಆರ್ಕ್ನಿಯಿಂದ ಸ್ವಾಲ್ಬಾರ್ಡ್ ತನಕ

ಕಾಶಿ, ಚಾರ್‌ಧಾಮ್ ಆಯ್ತು, ಸಿಂಗಾಪುರ ದುಬೈನೂ ಆಯ್ತು, ಮುಂದೆ ಎಲ್ಲಿಗೆ ಅಂತ ಕೇಳೋ ಮೈಸೂರಿನ ರಿಟೈರ್ಡ್ ಜೋಡಿಗಳಿಗೆ ನಾನು ಹೇಳೋದು ಒಂದೇ, ಮ್ಯಾಪಲ್ಲಿ ಮೇಲಕ್ಕೆ ನೋಡಿ ಅಂತ. ಸ್ಕಾಟ್ಲೆಂಡ್ ತುದಿಲಿರೋ ಆರ್ಕ್ನಿ ಮತ್ತೆ ಶೆಟ್ಲಂಡ್, ಅಲ್ಲಿಂದ ಮೇಲೆ ಫೆರೋ, ಐಸ್‌ಲ್ಯಾಂಡ್, ನಾರ್ವೆಯ ಲೊಫೋಟೆನ್ ಮತ್ತೆ ಟ್ರೊಮ್ಸೊ, ಕೊನೇಲಿ 78 ಡಿಗ್ರಿ ಉತ್ತರದ ಸ್ವಾಲ್ಬಾರ್ಡ್. "ಈ ವಯಸ್ಸಲ್ಲಿ ಅಷ್ಟು ಚಳಿಗ್ಯಾಕೆ" ಅಂತ ಕೇಳ್ತಾರೆ ಎಲ್ರೂ. ಚಳಿ ಅಷ್ಟು ದೊಡ್ಡ ತೊಂದ್ರೆ ಅಲ್ಲ ಕಣ್ರೀ, ಅವಸರ ತೊಂದ್ರೆ. ಹತ್ತು ದಿನಕ್ಕೆ ಐದು ದೇಶ ತೋರಿಸೋ ಪ್ಯಾಕೇಜಲ್ಲಿ ಬೆಳಿಗ್ಗೆ 6ಕ್ಕೆ ಸೂಟ್‌ಕೇಸ್ ಬಾಗಿಲ ಹೊರಗಿಡಿ ಅಂತಾರಲ್ಲ, ಅದು ಉತ್ತರದಲ್ಲಿ ನಡಿಯಲ್ಲ, ಅಲ್ಲಿ ಗಾಳಿ ಜಾಸ್ತಿಯಾದ್ರೆ ಹಡಗು ನಿಲ್ಲುತ್ತೆ, ಮಂಜು ಕವಿದ್ರೆ ವಿಮಾನ ವಾಪಸ್ ಹೋಗುತ್ತೆ, ರಜೆ ಲೆಕ್ಕ ಹಾಕ್ಕೊಂಡು ಬಂದವ್ರು ಅಳೋ ಹಾಗಾಗುತ್ತೆ. ನಮ್ಮಂಥವ್ರಿಗೆ ರಜೆ ಲೆಕ್ಕ ಇಲ್ಲ. ಅದೇ ನಮ್ಮ ದೊಡ್ಡ ಆಸ್ತಿ, ಅದನ್ನ ಉಪಯೋಗಿಸ್ಕೊಳ್ಳಿ.

ನಾನೂ ಯಜಮಾನ್ರೂ ಇಬ್ರೂ ಪೆನ್ಷನ್ ಮೇಲಿರೋರು, ಅವ್ರಿಗೆ ಸಕ್ಕರೆ ಕಾಯಿಲೆ, ನಂಗೆ ಮಂಡಿ ನೋವು, ಇಬ್ರೂ ಸಸ್ಯಾಹಾರಿಗಳು. ಇಷ್ಟಿದ್ರೂ ಆಗುತ್ತೆ ಅನ್ನೋ ಧೈರ್ಯದ ಮೇಲೇ ಇದನ್ನ ಬರೀತಿರೋದು.

ಯಾವ ಆರ್ಡರಲ್ಲಿ ಹೋಗ್ಬೇಕು

ಒಂದೇ ಸಲ ಸ್ವಾಲ್ಬಾರ್ಡ್‌ಗೆ ಹಾರ್ಬೇಡಿ. ಒಂದೊಂದೇ ಮೆಟ್ಲು ಹತ್ತಿ. ಮೊದಲ್ನೇ ಸಲ ಆರ್ಕ್ನಿ ಶೆಟ್ಲಂಡ್, ಆಮೇಲೊಂದು ವರ್ಷ ನಾರ್ವೆ ಕರಾವಳಿ ಮತ್ತೆ ಟ್ರೊಮ್ಸೊ, ಅದಾದ್ಮೇಲೆ ಐಸ್‌ಲ್ಯಾಂಡ್ ಮತ್ತೆ ಫೆರೋ, ಕೊನೇಗೆ ಸ್ವಾಲ್ಬಾರ್ಡ್. ಯಾಕಂದ್ರೆ ಆರ್ಕ್ನಿ ಶೆಟ್ಲಂಡಲ್ಲಿ ಇಂಗ್ಲಿಷ್ ಸಾಕು, ಗಾಡಿ ನಮ್ಮ ಹಾಗೇ ಎಡಗಡೆ ಓಡ್ಸೋದು, ಬೇಸಿಗೆಲಿ 12ರಿಂದ 15 ಡಿಗ್ರಿ ಇರುತ್ತೆ ಅಷ್ಟೇ, ಆದ್ರೆ ಗಾಳಿ ಮಾತ್ರ ಉತ್ತರದ್ದೇ. ಅಲ್ಲಿ ಒಂದೆರಡು ವಾರ ಇದ್ರೆ ನಿಮ್ಮ ಮೈ ಏನು ತಡ್ಕೊಳ್ಳುತ್ತೆ, ಯಾವ ಜಾಕೆಟ್ ಕೆಲ್ಸಕ್ಕೆ ಬರಲ್ಲ, ಹಡಗಲ್ಲಿ ವಾಂತಿ ಆಗುತ್ತಾ ಇಲ್ವಾ ಎಲ್ಲಾ ಗೊತ್ತಾಗೋಗುತ್ತೆ, ಅದೂ ಹತ್ರದಲ್ಲೇ ಆಸ್ಪತ್ರೆ ಇರೋ ಜಾಗದಲ್ಲಿ.

ಇನ್ನೊಂದು ಕಾರಣ ವೀಸಾ. 2024ರ ಏಪ್ರಿಲಿಂದ ಭಾರತದಲ್ಲಿರೋ ನಮ್ಮೋರಿಗೆ ಷೆಂಗೆನ್ (ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶಗಳಿಗೆ ಹೋಗೋ ವ್ಯವಸ್ಥೆ) ನಿಯಮ ಸಡಿಲ ಆಗಿದೆ, ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ತಗೊಂಡು ಸರಿಯಾಗಿ ಬಳಸಿ ವಾಪಸ್ ಬಂದಿದ್ರೆ ಮುಂದಿನದು ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಸಿಗೋ ದಾರಿ ಇದೆ, ಪಾಸ್‌ಪೋರ್ಟ್‌ನಲ್ಲಿ ಅಷ್ಟು ಅವಧಿ ಉಳಿದಿರ್ಬೇಕು. ನಾರ್ವೆಗೊಂದು ಐಸ್‌ಲ್ಯಾಂಡ್‌ಗೊಂದು ಹೋಗಿ ಬಂದಿದ್ರೆ ಸ್ವಾಲ್ಬಾರ್ಡ್ ಹೊತ್ತಿಗೆ ಆ ಮಲ್ಟಿಪಲ್ ಎಂಟ್ರಿ ಕೈಲಿರುತ್ತೆ, ಅಲ್ಲಿಗೆ ಅದೇ ಬೇಕಾಗಿರೋದು, ಕಾರಣ ಮುಂದೆ ಹೇಳ್ತೀನಿ.

ವೀಸಾದಲ್ಲಿ ಎಡವೋ ಜಾಗಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಆರ್ಕ್ನಿ ಶೆಟ್ಲಂಡ್ ಎರಡೂ ಬ್ರಿಟನ್ನಿಗೆ ಸೇರಿದ್ದು, ಅದಕ್ಕೆ ಯುಕೆ ವಿಸಿಟರ್ ವೀಸಾನೇ ಬೇಕು, ಷೆಂಗೆನ್ ನಡಿಯಲ್ಲ. ನಾರ್ವೆ, ಐಸ್‌ಲ್ಯಾಂಡ್ ಯುರೋಪಿಯನ್ ಯೂನಿಯನ್‌ನಲ್ಲಿಲ್ಲ ಆದ್ರೆ ಷೆಂಗೆನ್ ಒಳಗಿವೆ. ಫೆರೋ ಮತ್ತೆ ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜ್ಯದ ಭಾಗ ಆದ್ರೂ ಷೆಂಗೆನ್ ಹೊರಗಿವೆ, ಬರೀ ಡೆನ್ಮಾರ್ಕ್ ವೀಸಾ ಇದೆ ಅಂತ ಹೋಗಂಗಿಲ್ಲ, ಫೆರೋಗೂ ಗ್ರೀನ್‌ಲ್ಯಾಂಡ್‌ಗೂ ಊರ್ಜಿತ ಅಂತ ಬೇರೆಯಾಗೇ ಬರ್ಸ್ಕೊಂಡಿರ್ಬೇಕು, ಅರ್ಜಿ ಹಾಕೋವಾಗ್ಲೇ ಈ ಜಾಗಗಳ ಹೆಸ್ರು ಹೇಳ್ಬೇಕು.

ಸ್ವಾಲ್ಬಾರ್ಡ್ ಇನ್ನೂ ವಿಚಿತ್ರ. 1920ರಲ್ಲಿ ಪ್ಯಾರಿಸ್‌ನಲ್ಲಿ ಆದ ಸ್ವಾಲ್ಬಾರ್ಡ್ ಒಪ್ಪಂದಕ್ಕೆ ಭಾರತದ ಸಹಿನೂ ಇದೆ, ಅದು ನಾರ್ವೆ ಆಡಳಿತದಲ್ಲಿರೋ ದ್ವೀಪ ಆದ್ರೂ ಅಲ್ಲಿಗೆ ಅಂತ ಪ್ರತ್ಯೇಕ ವೀಸಾನೇ ಇಲ್ಲ. ಆದ್ರೆ ಹೋಗೋ ದಾರಿ ಓಸ್ಲೋ ಅಥ್ವಾ ಟ್ರೊಮ್ಸೊ ಮೇಲೇ ತಾನೇ? ಓಸ್ಲೋಗೆ ಇಳಿದಾಗ ಷೆಂಗೆನ್ ಒಳಗೆ ಒಂದ್ಸಲ ಬಂದ್ರಿ, ಸ್ವಾಲ್ಬಾರ್ಡ್‌ಗೆ ಹೊರಟಾಗ ಷೆಂಗೆನ್ ಬಿಟ್ರಿ, ವಾಪಸ್ ಬರೋವಾಗ ಎರಡನೇ ಸಲ ಒಳಗೆ ಬರ್ಬೇಕು. ಸಿಂಗಲ್ ಎಂಟ್ರಿ ವೀಸಾ ಇದ್ರೆ ಅಲ್ಲೇ ಸಿಕ್ಕಾಕ್ಕೋತೀರ. ಕನಿಷ್ಠ ಡಬಲ್ ಎಂಟ್ರಿ ಇರ್ಲೇಬೇಕು. ಸ್ಟಿಕರ್ ಕೈಗೆ ಬಂದ ತಕ್ಷಣ ಎಂಟ್ರಿ ಸಂಖ್ಯೆ ನೋಡ್ಕೊಳ್ಳಿ, ಮನೆಗೆ ಬಂದು ನೋಡೋದಲ್ಲ.

ಪಾಸ್‌ಪೋರ್ಟ್ ಕೆಲ್ಸ ಮೈಸೂರಲ್ಲೇ ಆಗುತ್ತೆ, ಮೇಟಗಳ್ಳಿಲಿ 2017ರಿಂದ ಪೋಸ್ಟ್ ಆಫೀಸ್ ಪಾಸ್‌ಪೋರ್ಟ್ ಕೇಂದ್ರ ಇದೆ. ವೀಸಾಗೆ ಬೆರಳಚ್ಚು ಕೊಡೋಕೆ ಬೆಂಗಳೂರಿಗೆ ಹೋಗ್ಬೇಕು. ಷೆಂಗೆನ್ ಅರ್ಜಿನ ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಹಾಕ್ಬಹುದು, 15 ದಿನ ಮುಂಚೆ ತನಕ ಅಂತ ನಿಯಮ ಇದ್ರೂ ಅಷ್ಟು ತಡ ಮಾಡ್ಬೇಡಿ, ನಿರ್ಧಾರಕ್ಕೆ 45 ದಿನದ ತನಕ ಹಿಡಿಯಬಹುದು, ಬೇಸಿಗೆ ಸ್ಲಾಟ್‌ಗಳು ಬೇಗ ತುಂಬೋಗುತ್ವೆ. ಪೆನ್ಷನ್ ಬರೋ ಅಕೌಂಟಿನ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಪೆನ್ಷನ್ ಆರ್ಡರ್ ಕಾಪಿ, ಸ್ವಂತ ಮನೆ ಇದ್ರೆ ಕಂದಾಯ ರಸೀದಿ, ಇಷ್ಟನ್ನ ನೀಟಾಗಿ ಜೋಡಿಸಿಡಿ. ಹೆಂಡ್ತಿಗೆ ಬೇರೆ ಆದಾಯ ಇಲ್ಲ ಅಂದ್ರೆ ಖರ್ಚೆಲ್ಲಾ ನಂದೇ ಅಂತ ಗಂಡ ಒಂದು ಪತ್ರ ಬರ್ದು ಮದ್ವೆ ಸರ್ಟಿಫಿಕೇಟ್ ಇಡ್ಬೇಕು. ನಮ್ಮ ಕಾಲದಲ್ಲಿ ಮದ್ವೆ ರಿಜಿಸ್ಟರ್ ಮಾಡ್ಸಿದವ್ರು ಕಮ್ಮಿ, ಇಲ್ಲದವ್ರು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಈಗ್ಲೇ ಮಾಡ್ಸ್ಕೊಳ್ಳಿ, ಪಾಸ್‌ಪೋರ್ಟಲ್ಲಿ ಪರಸ್ಪರರ ಹೆಸ್ರು ಇದ್ರೂ ಕೆಲ್ಸ ಸುಲಭ.

ಇನ್ಶೂರೆನ್ಸ್ ಮತ್ತೆ ಔಷಧಿ

ಷೆಂಗೆನ್‌ಗೆ ಕನಿಷ್ಠ 30,000 ಯೂರೋ ಮೆಡಿಕಲ್ ಕವರ್ ಕಡ್ಡಾಯ. ಅದು ವೀಸಾಗೆ ಸಾಕು, ನಿಮ್ಗೆ ಸಾಕಾಗಲ್ಲ. ಸ್ವಾಲ್ಬಾರ್ಡಿನ ಲಾಂಗ್‌ಯೀರ್‌ಬ್ಯೆನ್‌ನಲ್ಲಿ ಇರೋದು ಚಿಕ್ಕ ಆಸ್ಪತ್ರೆ, ಹೃದಯಾಘಾತ, ಸೊಂಟದ ಮೂಳೆ ಮುರಿತ ಇಂಥದ್ದಾದ್ರೆ ವಿಮಾನದಲ್ಲಿ ಟ್ರೊಮ್ಸೊ ಯೂನಿವರ್ಸಿಟಿ ಆಸ್ಪತ್ರೆಗೆ ಸಾಗಿಸ್ತಾರೆ, ಆ ಬಿಲ್ಲು ನಿಮ್ಮ ತಲೆ ಮೇಲೆ. ಅದಕ್ಕೆ ಪಾಲಿಸಿಲಿ ಏರ್ ಆಂಬ್ಯುಲೆನ್ಸ್, ಹುಡುಕಾಟ ಮತ್ತೆ ರಕ್ಷಣೆ ಖರ್ಚು ಇದೆಯಾ ನೋಡಿ. ಇನ್ನೆರಡು ವಿಷ್ಯ ಸಣ್ಣಕ್ಷರದಲ್ಲಿರುತ್ತೆ, ಮೊದಲೇ ಇರೋ ಕಾಯಿಲೆಗೆ ಕವರ್ ಇದೆಯಾ, ಸೀನಿಯರ್ ಸಿಟಿಜನ್ ಪ್ಲಾನ್‌ನಲ್ಲಿ ಸಬ್ ಲಿಮಿಟ್ ಇದೆಯಾ. ಮೇಲೆ ದೊಡ್ಡ ಮೊತ್ತ ಬರ್ದು ಒಳಗೆ ರೂಮಿಗಿಷ್ಟು, ಆಪರೇಷನ್‌ಗಿಷ್ಟು ಅಂತ ಕಟ್ ಹಾಕಿರ್ತಾರೆ. ಬಿಪಿ ಶುಗರ್ ಇರೋದನ್ನ ಮುಚ್ಚಿಡ್ಬೇಡಿ, ಮುಚ್ಚಿಟ್ರೆ ಕ್ಲೇಮ್ ಬರಲ್ಲ.

ಮಾತ್ರೆಗಳು ಪೂರ್ತಿ ಟ್ರಿಪ್‌ಗೆ ಆಗೋಷ್ಟು, ಮೇಲೆ ಇನ್ನೂ ಒಂದು ವಾರದ್ದು, ಸ್ಟ್ರಿಪ್ಪಲ್ಲೇ ಇರ್ಲಿ, ಡಬ್ಬಿಗೆ ಸುರ್ಕೋಬೇಡಿ. ಡಾಕ್ಟ್ರ ಚೀಟಿಲಿ ಬ್ರ್ಯಾಂಡ್ ಹೆಸ್ರಲ್ಲ, ಔಷಧದ ಮೂಲ ಹೆಸ್ರು ಟೈಪ್ ಮಾಡ್ಸಿ, ಇಲ್ಲಿನ ಬ್ರ್ಯಾಂಡ್ ಅಲ್ಲಿ ಯಾರಿಗೂ ಗೊತ್ತಿಲ್ಲ. ಇನ್ಸುಲಿನ್ ಯಾವತ್ತೂ ಕೈಚೀಲದಲ್ಲೇ, ಚೆಕ್ ಇನ್ ಲಗೇಜಲ್ಲಿ ಬೇಡ. ನಾವು ಇಲ್ಲಿ ಇನ್ಸುಲಿನ್ ಬಿಸಿ ಆಗದ ಹಾಗೆ ನೋಡ್ಕೊಳ್ತೀವಿ, ಅಲ್ಲಿ ಉಲ್ಟಾ, ಹೆಪ್ಪುಗಟ್ಟದ ಹಾಗೆ ನೋಡ್ಕೋಬೇಕು, ಒಂದ್ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ರೂ ಎಸೀಬೇಕು. ಹೊರಗೆ ಹೋಗೋವಾಗ ಜಾಕೆಟ್ ಒಳ ಜೇಬಲ್ಲಿ ಇಟ್ಕೊಳ್ಳಿ. ಗ್ಲೂಕೋಮೀಟರೂ ಅಲ್ಲೇ ಇರ್ಲಿ, ತುಂಬಾ ಚಳಿಲಿ ಅದು ಎರರ್ ತೋರಿಸುತ್ತೆ. ಹಡಗಿನ ತಲೆಸುತ್ತಿಗೆ ಅವೋಮಿನ್ ಥರದ ಮಾತ್ರೆ ಎಲ್ರೂ ತಗೋತೀವಿ, ಆದ್ರೆ ಪ್ರಾಸ್ಟೇಟ್ ತೊಂದ್ರೆ ಅಥ್ವಾ ಗ್ಲಾಕೋಮಾ ಇರೋವ್ರು ಡಾಕ್ಟ್ರನ್ನ ಕೇಳ್ದೆ ತಗೋಬಾರ್ದು, ಮೂತ್ರ ಕಟ್ಕೊಳ್ಳೋ, ಕಣ್ಣಿನ ಒತ್ತಡ ಏರೋ ಅಪಾಯ ಇದೆ.

ಬೇಸಿಗೆಲಿ ಸೂರ್ಯ ಮುಳುಗದ ಊರಲ್ಲಿ ಮಾತ್ರೆ ಹೊತ್ತು ತಪ್ಪೋದು ಬಹಳ ಸುಲಭ. ಮೈಸೂರಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಹೆಚ್ಚುಕಮ್ಮಿ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ, ನಮ್ಮ ಮೈ ಬೆಳಕು ನೋಡಿ ಹೊತ್ತು ಹೇಳೋಕೆ ಒಗ್ಗಿರೋದು. ಟ್ರೊಮ್ಸೊಲಿ ಮೇ 20ರ ಸುಮಾರಿಂದ ಜುಲೈ 22ರ ತನಕ ಸೂರ್ಯ ಮುಳುಗಲ್ಲ, ಲಾಂಗ್‌ಯೀರ್‌ಬ್ಯೆನ್‌ನಲ್ಲಿ ಏಪ್ರಿಲ್ 20ರಿಂದ ಆಗಸ್ಟ್ 22ರ ತನಕ. ರಾತ್ರಿ 11ಕ್ಕೆ ಸಂಜೆ 4ರ ಬಿಸಿಲಿರುತ್ತೆ, ಊಟ ನೆನಪಾಗಲ್ಲ, ನಿದ್ದೆ ಬರಲ್ಲ. ಫೋನಲ್ಲಿ ಊಟಕ್ಕೆ, ಮಾತ್ರೆಗೆ, ಮಲಗೋಕೆ ಮೂರಕ್ಕೂ ಅಲಾರಂ ಇಡಿ, ಕಣ್ಣಿಗೆ ಕಟ್ಕೊಳ್ಳೋ ಪಟ್ಟಿ ಇಬ್ರಿಗೂ ತಗೊಳ್ಳಿ. ಸಂಧ್ಯಾವಂದನೆ ಮಾಡೋವ್ರು ಮೈಸೂರಿನ ಟೈಮ್ ಲೆಕ್ಕಕ್ಕೇ ಮಾಡ್ಕೊಂಡ್ರೆ ಗೊಂದಲ ಇಲ್ಲ. ನಾರ್ವೆ ಬೇಸಿಗೆಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಐಸ್‌ಲ್ಯಾಂಡ್ ವರ್ಷಪೂರ್ತಿ ಐದೂವರೆ ಗಂಟೆ ಹಿಂದೆ. ರೂಮಲ್ಲಿ ದೀಪ, ಊದುಬತ್ತಿ ಮಾತ್ರ ಹಚ್ಚಲೇಬೇಡಿ, ಹೊಗೆ ಅಲಾರಂ ಹೊಡ್ಕೊಂಡು ಇಡೀ ಕಟ್ಟಡ ಖಾಲಿ ಮಾಡಿಸ್ತಾರೆ. ಒಗ್ಗರಣೆಗೂ ಇದೇ ಮಾತು, ಕಿಟಕಿ ತೆಗೆದು ಸಣ್ಣ ಉರಿಲಿ ಹಾಕಿ.

ಬಟ್ಟೆ

ದಪ್ಪ ಕೋಟು ಒಂದು ತಗೊಂಡ್ರೆ ಮುಗೀತು ಅನ್ಕೋಬೇಡಿ. ಮೂರು ಪದರ ಬೇಕು, ಮೈಗಂಟೋ ಥರ್ಮಲ್, ಅದೂ ಮೆರಿನೋ ಉಣ್ಣೆದಾದ್ರೆ ಬೆವತ್ರೂ ತಣ್ಣಗಾಗಲ್ಲ, ಅದರ ಮೇಲೆ ಫ್ಲೀಸ್ ಅಥ್ವಾ ಸ್ವೆಟರ್, ಮೇಲೆ ಗಾಳಿ ಮಳೆ ಒಳಗೆ ಬಿಡದ ಜಾಕೆಟ್ ಮತ್ತೆ ಪ್ಯಾಂಟು. ಹತ್ತಿ ಬನಿಯನ್ ಬೇಡ, ಒದ್ದೆಯಾದ್ರೆ ಒಣಗಲ್ಲ. ಥರ್ಮಲ್, ಫ್ಲೀಸ್ ಮೈಸೂರಿನ ಡೆಕಾಥ್ಲಾನ್‌ನಲ್ಲೇ ಸಿಗುತ್ತೆ. ಅಕ್ಕಂದಿರೇ, ಸೀರೆ ಉಡೋ ಆಸೆ ಇದ್ರೆ ಒಳಗೆ ಥರ್ಮಲ್ ಹಾಕ್ಕೊಂಡು ಹಡಗಿನ ಊಟದ ಹಾಲ್‌ನಲ್ಲಿ ಉಟ್ಕೊಳ್ಳಿ, ಡೆಕ್ ಮೇಲೆ ಬೇಡ, ಗಾಳಿಗೆ ಸೆರಗು ಸಿಕ್ಕಿದ್ರೆ ಬೀಳ್ತೀರ.

ಚಳಿಗಿಂತ ದೊಡ್ಡ ಶತ್ರು ಜಾರಿ ಬೀಳೋದು. ಮಾರ್ಚಲ್ಲೋ ನವೆಂಬರಲ್ಲೋ ಟ್ರೊಮ್ಸೊಗೆ ಹೋದ್ರೆ ಫುಟ್‌ಪಾತ್ ಪೂರ್ತಿ ಗಾಜಿನ ಥರ ಇರುತ್ತೆ. ಶೂ ಅಡಿಗೆ ಸಿಗಿಸೋ ಮೊಳೆ ಇರೋ ರಬ್ಬರ್ ಪಟ್ಟಿ ಅಲ್ಲಿನ ಔಷಧಿ ಅಂಗಡಿ, ಸ್ಪೋರ್ಟ್ಸ್ ಅಂಗಡಿಗಳಲ್ಲಿ ಸಿಗುತ್ತೆ, ಇಳಿದ ದಿನವೇ ತಗೊಳ್ಳಿ. ಅಂಗಡಿ ಒಳಗೆ ಹೋಗೋವಾಗ ಬಿಚ್ಚಿ, ಟೈಲ್ಸ್ ಮೇಲೆ ಅದೇ ಜಾರುತ್ತೆ. ಕೈಗೋಲು ಒಂದಲ್ಲ ಎರಡು ಹಿಡ್ಕೊಳ್ಳಿ, ನಾಚ್ಕೆ ಏನಿಲ್ಲ, ಅಲ್ಲಿ ಮೂವತ್ತು ವರ್ಷದವ್ರೂ ಹಿಡ್ಕೊಂಡೇ ನಡೀತಾರೆ. ಎದುರು ಗಾಳಿಲಿ ಏರು ಹತ್ತೋದು ಹೃದಯಕ್ಕೆ ಭಾರ, ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರಿರುತ್ತೆ, ಊಟ ಆದ ತಕ್ಷಣ ಅಂತೂ ಹತ್ಲೇಬೇಡಿ.

ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತೆ, ಬಾಯಿ ಅಗಲ ಇರೋ ಡಬ್ಬಿಲಿ ತಗೊಂಡು ಹೋಗಿ. ಟಾಯ್ಲೆಟ್‌ನಲ್ಲಿ ನೀರಿರಲ್ಲ, ಪೇಪರ್ ಅಷ್ಟೇ, ಅದಕ್ಕೊಂದು ಒತ್ತಿದ್ರೆ ನೀರು ಬರೋ ಪ್ಲಾಸ್ಟಿಕ್ ಬಾಟ್ಲಿ ಇಟ್ಕೊಳ್ಳಿ.

ಊಟ

ಎಲ್ರೂ ಕೇಳೋದು ಇದನ್ನೇ. ಕಿಚನ್ ಇರೋ ರೂಮ್ ಬುಕ್ ಮಾಡಿ, ಮುಗೀತು. ಅಲ್ಲಿ ಹೋಟೆಲ್ ಊಟ ತುಂಬಾ ದುಬಾರಿ, ಇಬ್ರು ಒಂದೊತ್ತು ಹೊರಗೆ ಉಣ್ಣೋ ದುಡ್ಡಲ್ಲಿ ಸೂಪರ್‌ಮಾರ್ಕೆಟ್‌ನಿಂದ ಎರಡು ಮೂರು ದಿನ ಅಡುಗೆ ಆಗುತ್ತೆ. ಅಲ್ಲಿನ ಹಾಸ್ಟೆಲ್‌ಗಳಲ್ಲಿ ವಯಸ್ಸಾದವ್ರೂ ಉಳ್ಕೊಳ್ತಾರೆ, ಅಟ್ಯಾಚ್ಡ್ ಬಾತ್ ಇರೋ ಡಬಲ್ ರೂಮ್ ಸಿಗುತ್ತೆ, ಅಡುಗೆಮನೆ ಎಲ್ರಿಗೂ ಸೇರಿದ್ದು. ನಾರ್ವೆಲಿ ರೆಮಾ 1000, ಕಿವಿ, ಐಸ್‌ಲ್ಯಾಂಡಲ್ಲಿ ಬೋನಸ್, ಕ್ರೋನನ್ ಇವು ಕಮ್ಮಿ ಬೆಲೆಯ ಅಂಗಡಿಗಳು, ಅಕ್ಕಿ, ಆಲೂಗಡ್ಡೆ, ಎಲೆಕೋಸು, ಡಬ್ಬಿ ಕಡ್ಲೆಕಾಳು, ಮೊಸ್ರು ಎಲ್ಲಾ ಕಡೆ ಇರುತ್ತೆ. ಐಸ್‌ಲ್ಯಾಂಡಿನ ಸ್ಕಿರ್ ಗಟ್ಟಿ ಮೊಸರಿನ ಹಾಗಿದ್ದು ಅನ್ನಕ್ಕೆ ಚೆನ್ನಾಗಿರುತ್ತೆ, ಕೆಲವಕ್ಕೆ ಕರುವಿನ ಹೊಟ್ಟೆಯಿಂದ ತೆಗೆಯೋ ರೆನೆಟ್ ಹಾಕಿರ್ತಾರೆ, ಶುದ್ಧ ಸಸ್ಯಾಹಾರಿಗಳು ಲೇಬಲ್ ನೋಡಿ.

ಊರಿಂದ ಚಟ್ನಿಪುಡಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಅವಲಕ್ಕಿ, ರಾಗಿಹಿಟ್ಟು ತಗೊಂಡು ಹೋಗಿ. ತುಪ್ಪ, ಹಾಲಿನ ಪುಡಿ, ಖೋವಾ ಬೇಡ, ಯುರೋಪಿಗೆ ಹೊರಗಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ, ಬೆಣ್ಣೆ ಅಲ್ಲೇ ತಗೊಂಡು ರೂಮಲ್ಲಿ ಕಾಯಿಸ್ಕೊಂಡ್ರಾಯ್ತು. ಹಸಿ ಕರಿಬೇವು, ವೀಳ್ಯದೆಲೆನೂ ಬೇಡ, ಹಸಿ ಎಲೆಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳ್ತಾರೆ. ಊಟ ಆದ್ಮೇಲೆ ಎಲೆಯಡಿಕೆ ಇಲ್ದೆ ಆಗಲ್ಲ ಅನ್ನೋವ್ರು ಸೋಂಪಿಗೆ ಹೊಂದ್ಕೊಳ್ಬೇಕು. ನಲ್ಲಿ ತಣ್ಣೀರು ಕುಡೀಬಹುದು, ಬಾಟ್ಲಿ ನೀರಿಗೆ ದುಡ್ಡು ಸುರೀಬೇಡಿ. ಐಸ್‌ಲ್ಯಾಂಡಲ್ಲಿ ಬಿಸಿನೀರು ಭೂಮಿ ಒಳಗಿಂದ ಬರೋದು, ಗಂಧಕದ ವಾಸ್ನೆ ಇರುತ್ತೆ, ಸ್ನಾನಕ್ಕೆ ಸರಿ, ಕಾಫಿಗೆ ತಣ್ಣೀರನ್ನೇ ಕಾಯಿಸಿ.

ಒಂದೊಂದು ಜಾಗದ ಬಗ್ಗೆ

ಆರ್ಕ್ನಿ ಬಗ್ಗೆ ನಂಗೆ ಎಷ್ಟು ಹೇಳಿದ್ರೂ ಸಾಲ್ದು. ಸ್ಕಾರಾ ಬ್ರೇ ಅಂತ ಹಳ್ಳಿ, ಸುಮಾರು 5000 ವರ್ಷ ಹಳೇದು, ಪಿರಮಿಡ್‌ಗಳಿಗಿಂತ ಹಿಂದಿನದು, 1850ರ ಒಂದು ಬಿರುಗಾಳಿಗೆ ಮರಳು ಹಾರಿ ಹೊರಗೆ ಬಂತು. ಕಲ್ಲಿನ ಮಂಚ, ಕಲ್ಲಿನ ಶೆಲ್ಫು, ಮಧ್ಯೆ ಒಲೆ, ಸಂಸಾರ ಮಾಡಿದ ಜಾಗ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಹತ್ರದಲ್ಲೇ ಮೇಸ್‌ಹೋವ್ ಅನ್ನೋ ಸಮಾಧಿ, ಡಿಸೆಂಬರ್ ಚಳಿಗಾಲದ ಅತಿ ಚಿಕ್ಕ ಹಗಲಿನ ಸುಮಾರಿಗೆ ಮುಳುಗೋ ಸೂರ್ಯನ ಬೆಳಕು ಅದರ ಸುರಂಗದೊಳಗೆ ಹೋಗಿ ಹಿಂದಿನ ಗೋಡೆಗೆ ಬೀಳುತ್ತೆ. ಸಂಕ್ರಾಂತಿಲಿ ಬೆಂಗಳೂರಿನ ಗವಿಗಂಗಾಧರೇಶ್ವರನ ಮೇಲೆ ಬಿಸಿಲು ಬೀಳೋದನ್ನ ನೋಡಿದವ್ರಿಗೆ ಮೈ ಜುಂ ಅನ್ನುತ್ತೆ. ಆದ್ರೆ ಒಳಗೆ ಹೋಗೋಕೆ ಸುಮಾರು 10 ಮೀಟರ್ ಬಗ್ಗಿಕೊಂಡೇ ನಡೀಬೇಕು, ಮಂಡಿ ಸೊಂಟ ಸರಿ ಇಲ್ಲದವ್ರು ಹೊರಗಿಂದ ನೋಡಿ, ಅದ್ರ ಬದ್ಲು ಬ್ರಾಡ್‌ಗರ್ ಕಲ್ಲಿನ ವೃತ್ತಕ್ಕೆ ಜಾಸ್ತಿ ಹೊತ್ತು ಕೊಡಿ. ಈ ಎರಡೂ ದ್ವೀಪಸಮೂಹ ಸ್ಕಾಟ್ಲೆಂಡಿಗೆ ಬಂದ ಕಥೆನೂ ಕೇಳಿ, ಡೆನ್ಮಾರ್ಕ್ ನಾರ್ವೆಯ ರಾಜ ಒಂದನೇ ಕ್ರಿಶ್ಚಿಯನ್ ಮಗಳನ್ನ ಸ್ಕಾಟ್ಲೆಂಡ್ ರಾಜ ಮೂರನೇ ಜೇಮ್ಸ್‌ಗೆ ಕೊಟ್ಟಾಗ ವರದಕ್ಷಿಣೆ ದುಡ್ಡು ಹೊಂದಿಸೋಕಾಗ್ದೆ 1468ರಲ್ಲಿ ಆರ್ಕ್ನಿನ, 1469ರಲ್ಲಿ ಶೆಟ್ಲಂಡನ್ನ ಅಡ ಇಟ್ಟ, ಬಿಡಿಸ್ಕೊಳ್ಳಲೇ ಇಲ್ಲ. ಅಲ್ಲಿನ ಊರುಗಳ ಹೆಸ್ರು ಇವತ್ತಿಗೂ ನಾರ್ವೆ ಕಡೆಯವೇ.

ಸ್ಕಾಟ್ಲೆಂಡಿನ ಅಬರ್ಡೀನಿಂದ ಶೆಟ್ಲಂಡಿನ ಲೆರ್ವಿಕ್‌ಗೆ ರಾತ್ರಿ ಹಡಗು, ಸಂಜೆ ಹತ್ತಿದ್ರೆ ಬೆಳಿಗ್ಗೆ ಇಳೀತೀರ, ಕೆಲವು ರಾತ್ರಿ ಆರ್ಕ್ನಿಯ ಕರ್ಕ್‌ವಾಲ್ ಮುಟ್ಕೊಂಡು ಹೋಗುತ್ತೆ. ಕುರ್ಚಿಲಿ ಕೂತು ದುಡ್ಡು ಉಳಿಸೋಕೆ ಹೋಗ್ಬೇಡಿ, ಕ್ಯಾಬಿನ್ ತಗೊಳ್ಳಿ, ಮಲಗಿದ್ರೆ ತಲೆಸುತ್ತು ಅರ್ಧ ಕಮ್ಮಿ. ಶೆಟ್ಲಂಡಲ್ಲಿ ಸಂಬರ್ಗ್ ಹೆಡ್ ದೀಪಸ್ತಂಭದ ಹತ್ರ ಮೇಯಿಂದ ಜುಲೈ ತನಕ ಪಫಿನ್ ಹಕ್ಕಿಗಳು ಗೋಡೆ ಪಕ್ಕದಲ್ಲೇ ಗೂಡು ಮಾಡಿರುತ್ವೆ, ಕಾರ್ ನಿಲ್ಸಿ ಸ್ವಲ್ಪ ಏರು ಹತ್ತಿದ್ರೆ ಸಾಕು, ಬೇರೆ ಕೆಲವು ಕಡೆ ಇದಕ್ಕೆ ದೋಣಿ ಹತ್ತಿ ಬೆಟ್ಟ ಏರ್ಬೇಕು. ಆರ್ಕ್ಟಿಕ್ ಟರ್ನ್ ಅನ್ನೋ ಸಣ್ಣ ಹಕ್ಕಿ ಗೂಡಿನ ಹತ್ರ ಹೋದ್ರೆ ನೇರ ನೆತ್ತಿಗೆ ಕುಕ್ಕುತ್ತೆ, ಕೈಗೋಲನ್ನ ತಲೆ ಮೇಲೆ ಎತ್ತಿ ಹಿಡೀರಿ, ಅದು ಅತಿ ಎತ್ತರದ ತುದಿನೇ ಕುಕ್ಕೋದು. ಬಾಡಿಗೆ ಕಾರಿಗೆ ಕೆಲವು ಕಂಪನಿಗಳು 75 ದಾಟಿದವ್ರಿಗೆ ಕೊಡಲ್ಲ, ಬುಕ್ ಮಾಡೋ ಮುಂಚೆ ಕೇಳಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮೈಸೂರ್ ಆರ್‌ಟಿಒಲಿ ಮಾಡ್ಸ್ಕೊಳ್ಳಿ, ಒಂದು ವರ್ಷ ನಡೆಯುತ್ತೆ.

ನಾರ್ವೆಗೆ ನನ್ನ ಸಲಹೆ ಕರಾವಳಿ ಹಡಗು. 1893ರಲ್ಲಿ ಅಂಚೆ, ಸಾಮಾನು ಸಾಗ್ಸೋಕೆ ಶುರುವಾದ ದಾರಿ, ಈಗ್ಲೂ ಬರ್ಗೆನ್‌ನಿಂದ ರಷ್ಯಾ ಗಡಿ ಹತ್ರದ ಕಿರ್ಕೆನೆಸ್ ತನಕ 34 ಬಂದರು ಮುಟ್ಟಿ ಹೋಗಿ ಬರೋಕೆ 12 ದಿನ. ನೀವು ಪೂರ್ತಿ ಮಾಡ್ಬೇಕಿಲ್ಲ, ಬಸ್ ಟಿಕೆಟ್ ಥರ ಬಂದರಿಂದ ಬಂದರಿಗೂ ತಗೋಬಹುದು. ಲಿಫ್ಟ್ ಇದೆ, ರೂಮ್ ಬದ್ಲಾಯ್ಸೋ ಗೋಜಿಲ್ಲ, ಕಿಟಕಿಲಿ ಕೂತ್ರೆ ದೇಶವೇ ಪಕ್ಕದಲ್ಲಿ ಹಾದು ಹೋಗುತ್ತೆ. ಸಸ್ಯಾಹಾರ ಬೇಕು ಅಂತ ಬುಕ್ ಮಾಡೋವಾಗ್ಲೇ ಬರೀಬೇಕು. ಸ್ಟಾಡ್ ಭೂಶಿರ ದಾಟೋವಾಗ, ಬೋಡೋದಿಂದ ಲೊಫೋಟೆನ್‌ಗೆ ವೆಸ್ಟ್‌ಫ್ಯೋರ್ಡ್ ದಾಟೋವಾಗ ಅಲೆ ಜಾಸ್ತಿ, ಅದಕ್ಕೆ ಮುಂಚೆ ಊಟ ಕಮ್ಮಿ ಮಾಡಿ, ನಡುವಿನ ಡೆಕ್‌ನಲ್ಲಿ ಕೂತ್ಕೊಳ್ಳಿ. ಹಡಗು ಬೇಡ ಅನ್ನೋವ್ರಿಗೆ ಟ್ರಾಂಡ್‌ಹೈಮ್‌ನಿಂದ ಬೋಡೋಗೆ 729 ಕಿಲೋಮೀಟರ್ ರೈಲಿದೆ, ಹಗಲಲ್ಲೇ ಆರ್ಕ್ಟಿಕ್ ವೃತ್ತ ದಾಟುತ್ತೆ. 67 ದಾಟಿದವ್ರಿಗೆ ನಾರ್ವೆ ರೈಲಲ್ಲಿ ಸೀನಿಯರ್ ಟಿಕೆಟ್ ಇದೆ, ಆಯ್ಕೆ ಮಾಡೋದು ಮರೀಬೇಡಿ.

ಟ್ರೊಮ್ಸೊ ಅಂದ್ರೆ ಹೆದರ್ಕೋತಾರೆ, 69 ಡಿಗ್ರಿ ಉತ್ತರ ಅಂತ, ಆದ್ರೆ ಅಟ್ಲಾಂಟಿಕ್‌ನ ಬಿಸಿ ಪ್ರವಾಹದಿಂದ ಜನವರಿಲೂ ಸರಾಸರಿ ಮೈನಸ್ ನಾಲ್ಕರ ಆಸುಪಾಸು, ಲಡಾಖ್ ಚಳಿಗಾಲ ಇದಕ್ಕಿಂತ ಕಷ್ಟ. ಅರೋರಾ, ಅಂದ್ರೆ ರಾತ್ರಿ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು, ನೋಡೋಕೆ ಸೆಪ್ಟೆಂಬರ್ ಕೊನೆ ಒಳ್ಳೇದು, ಕತ್ಲೆನೂ ಇರುತ್ತೆ, ಐಸೂ ಬಿದ್ದಿರಲ್ಲ, ಕಾಡೆಲ್ಲಾ ಹಳದಿ ಕೆಂಪು. ಸ್ವಂತ ಕಾರಲ್ಲಿ ರಾತ್ರಿ ಹುಡುಕೋಕೆ ಹೋಗ್ಬೇಡಿ, ಬಸ್ ಟೂರ್ ಹತ್ತಿ, ಅವ್ರು ಮೋಡ ಇಲ್ಲದ ಕಡೆ ಕರ್ಕೊಂಡ್ಹೋಗ್ತಾರೆ. ಒಂದೇ ರಾತ್ರಿ ಇಟ್ಕೊಂಡ್ರೆ ಮೋಡ ಕವಿದು ನಿರಾಸೆ ಆಗಬಹುದು, ನಾಲ್ಕೈದು ರಾತ್ರಿನಾದ್ರೂ ಇರಿ.

ಐಸ್‌ಲ್ಯಾಂಡ್ ಮತ್ತೆ ಫೆರೋಲಿ ಒಂದು ಮಾತು ಮುಖ್ಯ, ಕಾರಿನ ಬಾಗ್ಲು. ಗಾಳಿಗೆ ಬಾಗ್ಲು ಹಿಂದಕ್ಕೆ ಮಡಚಿ ಹೋಗುತ್ತೆ, ಸಾಮಾನ್ಯವಾಗಿ ಇನ್ಶೂರೆನ್ಸ್ ಇದಕ್ಕೆ ಕೊಡಲ್ಲ. ಗಾಳಿಗೆ ಮುಖ ಮಾಡಿ ನಿಲ್ಸಿ, ಎರಡು ಕೈಯಲ್ಲೂ ಹಿಡ್ದು ತೆಗೀರಿ. ಎರಡೂ ಕಡೆ ಬಲಗಡೆ ಓಡ್ಸೋದು. ಐಸ್‌ಲ್ಯಾಂಡ್ ಸುತ್ತೋ ಒಂದನೇ ನಂಬರ್ ರಸ್ತೆ 1300 ಕಿಲೋಮೀಟರ್ ಮೇಲಿದೆ, ಹತ್ತು ದಿನಕ್ಕಿಂತ ಕಮ್ಮಿಲಿ ಮಾಡ್ಬೇಡಿ. ಊರೂರಲ್ಲೂ ಬಿಸಿನೀರಿನ ಸಾರ್ವಜನಿಕ ಕೊಳ ಇದೆ, ಮಂಡಿ ನೋವಿಗೆ ನಂಗೆ ಬಹಳ ಹಿತ ಆಯ್ತು, ಆದ್ರೆ ಇಳಿಯೋ ಮುಂಚೆ ಬಟ್ಟೆ ಇಲ್ದೆ ಸೋಪ್ ಹಚ್ಚಿ ಸ್ನಾನ ಕಡ್ಡಾಯ, ಗಂಡಸ್ರಿಗೆ ಹೆಂಗಸ್ರಿಗೆ ಬೇರೆ ಬೇರೆ ಜಾಗ ಇರುತ್ತೆ, ಅಲ್ಲಿ ಅದು ಶುಚಿಯ ಮಾತಷ್ಟೇ, ಯಾರೂ ತಿರುಗಿ ನೋಡಲ್ಲ. ಗ್ರಿಂಡವಿಕ್ ಸುತ್ತ 2023ರ ಡಿಸೆಂಬರಿಂದ ಮತ್ತೆ ಮತ್ತೆ ಜ್ವಾಲಾಮುಖಿ ಸಿಡೀತಾ ಬಂದಿದೆ, ಆ ಕಡೆ ಹೋಗೋ ದಿನ ರಸ್ತೆ ಸ್ಥಿತಿ ನೋಡ್ಕೊಂಡೇ ಹೊರಡಿ. ಫೆರೋ 18 ದ್ವೀಪ, ಮುಖ್ಯವಾದವು ಸುರಂಗ ಸೇತುವೆಗಳಿಂದ ಜೋಡ್ಸಿವೆ, 2020ರಲ್ಲಿ ತೆರೆದ ಒಂದು ಸುರಂಗದಲ್ಲಿ ಸಮುದ್ರದಡಿಲೇ ರಸ್ತೆ ಸರ್ಕಲ್ ಇದೆ.

ಸ್ವಾಲ್ಬಾರ್ಡ್

ಓಸ್ಲೋದಿಂದ ಮೂರು ಗಂಟೆ ವಿಮಾನ. ಜುಲೈಲಿ ಸರಾಸರಿ ಏಳು ಡಿಗ್ರಿ ಸುಮಾರು, ವಯಸ್ಸಾದವ್ರು ಜೂನ್ ಕೊನೆಯಿಂದ ಆಗಸ್ಟ್ ಒಳಗೆ ಹೋಗಿ. ಲಾಂಗ್‌ಯೀರ್‌ಬ್ಯೆನ್ ಊರು ಬಿಟ್ಟು ಹೊರಗೆ ಗೈಡ್ ಇಲ್ದೆ ಕಾಲಿಡಂಗಿಲ್ಲ ಅನ್ಕೊಳ್ಳಿ, ಹಿಮಕರಡಿಗಳಿವೆ, ಗೈಡ್ ಹತ್ರ ರೈಫಲ್ ಇರುತ್ತೆ, ಊರಾಚೆ ಕರಡಿ ಚಿತ್ರದ ಬೋರ್ಡ್ ಇದೆ. 2025ರಿಂದ ಹೊಸ ನಿಯಮ, ಕರಡಿಯಿಂದ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರ ತನಕ 500 ಮೀಟರ್ ದೂರ ಇರ್ಬೇಕು, ರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಜನರ ಹಡಗು ಹೋಗಂಗಿಲ್ಲ. ಕರಡಿ ಹತ್ರದಿಂದ ತೋರಿಸ್ತೀವಿ ಅಂತ ಯಾರಾದ್ರೂ ಆಸೆ ತೋರಿಸಿದ್ರೆ ದುಡ್ಡು ಕೊಡ್ಬೇಡಿ, ಬೈನಾಕ್ಯುಲರ್ ಒಂದು ಒಳ್ಳೇದು ತಗೊಂಡು ಹೋಗಿ. ನಿಯಮ ಸರಿಯಾಗೇ ಇದೆ ಅಂತ ನನ್ನ ಅಭಿಪ್ರಾಯ, ಐಸ್ ಕರಗಿ ಅವಕ್ಕೆ ಬೇಟೆಯಾಡೋ ಜಾಗ ಕಮ್ಮಿ ಆಗ್ತಿರೋವಾಗ ನಾವು ಫೋಟೋಗೋಸ್ಕರ ಓಡಿಸೋದು ಪಾಪ.

ಅಲ್ಲಿನ ಹೋಟೆಲ್, ಮ್ಯೂಸಿಯಮ್‌ಗಳಲ್ಲಿ ಶೂ ಬಾಗ್ಲಲ್ಲೇ ಬಿಡ್ಬೇಕು, ಕಲ್ಲಿದ್ದಲು ಗಣಿ ಕಾಲದಿಂದ ಬಂದ ಪದ್ಧತಿ, ಮಸಿ ಒಳಗೆ ಬರ್ಬಾರ್ದು ಅಂತ. ದಪ್ಪ ಕಾಲುಚೀಲ ಇಟ್ಕೊಳ್ಳಿ. ಹಡಗಲ್ಲಿ ನ್ಯೂ ಓಲೆಸುಂಡ್‌ಗೆ ಹೋಗೋ ಟೂರ್ ಸಿಕ್ರೆ ಬಿಡ್ಬೇಡಿ, ಹೆಚ್ಚುಕಮ್ಮಿ 79 ಡಿಗ್ರಿ ಉತ್ತರದಲ್ಲಿ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. ಒಳಗೆ ಬಿಡಲ್ಲ, ಹೊರಗಿಂದ ನೋಡ್ಬಹುದು. ಅಷ್ಟು ದೂರದಲ್ಲಿ ದೇಶದ ಹೆಸ್ರು ಓದೋವಾಗ ನಮ್ಮಿಬ್ರಿಗೂ ಗಂಟಲು ಕಟ್ತು. ಅಲ್ಲಿ ರೇಡಿಯೋ ದೂರದರ್ಶಕ ಇರೋದ್ರಿಂದ ಫೋನಿನ ವೈಫೈ, ಬ್ಲೂಟೂತ್ ಆಫ್ ಮಾಡ್ಬೇಕು, ಬ್ಲೂಟೂತ್ ಶ್ರವಣಯಂತ್ರ ಹಾಕೋವ್ರು ಗೈಡ್‌ಗೆ ಮೊದಲೇ ಹೇಳಿ.

ಹೊರಡೋ ಮುಂಚೆ ಮನೆ ಕೆಲ್ಸ

ಈ ದೇಶಗಳಲ್ಲಿ ಯುಪಿಐ ನಂಬ್ಕೊಂಡು ಹೋಗ್ಬೇಡಿ, ನಗದೂ ಹೆಚ್ಚು ಬೇಡ, ಎರಡು ಬೇರೆ ಬ್ಯಾಂಕಿನ ಕಾರ್ಡ್ ಇಬ್ರ ಹತ್ರ ಬೇರೆ ಬೇರೆ ಇರ್ಲಿ, ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ, ಪಿನ್ ಇಬ್ರಿಗೂ ಗೊತ್ತಿರ್ಲಿ. ಓಟಿಪಿ ಬರೋ ಸಿಮ್‌ಗೆ ರೋಮಿಂಗ್ ಹಾಕ್ಸಿ. ಟೂರ್ ಪ್ಯಾಕೇಜ್ ತಗೊಂಡ್ರೆ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡೀತಾರೆ, ಅದು ರಿಟರ್ನ್ಸ್ ಹಾಕಿದಾಗ ವಾಪಸ್ ಅಥ್ವಾ ಹೊಂದಾಣಿಕೆ ಆಗುತ್ತೆ, ರಸೀದಿ ಇಟ್ಕೊಳ್ಳಿ. ನವೆಂಬರಲ್ಲಿ ಜೀವನ್ ಪ್ರಮಾಣ ಕೊಡ್ಬೇಕಾದವ್ರು ಆ ತಿಂಗಳು ಹೊರಗಿರೋ ಹಾಗಿದ್ರೆ ಮುಖ ತೋರಿಸಿ ಮಾಡೋ ಆ್ಯಪ್‌ನ ಮುಂಚೆನೇ ಫೋನಿಗೆ ಹಾಕ್ಕೊಂಡು ಕಲ್ತಿರಿ, ಇಲ್ದಿದ್ರೆ ಪೆನ್ಷನ್ ನಿಂತೋಗುತ್ತೆ. ಮನೆ ಕೀ ಒಂದು ಪಕ್ಕದ ಮನೆಯವ್ರ ಹತ್ರ, ನಿಮ್ಮ ಪೂರ್ತಿ ಪ್ಲಾನ್ ಮತ್ತೆ ಪಾಲಿಸಿ ನಂಬರ್ ಮಕ್ಕಳ ಹತ್ರ.

ಮೈಸೂರಿಂದ ಏರ್‌ಪೋರ್ಟಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ಸೂಟ್‌ಕೇಸ್ ಹೊತ್ಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ ಬದ್ಲಾಯಿಸೋ ಕಷ್ಟ ಇಲ್ಲ. ವಿಮಾನ ಬುಕ್ ಮಾಡೋವಾಗ ವ್ಹೀಲ್‌ಚೇರ್ ಸಹಾಯ ಕೇಳ್ಕೊಳ್ಳಿ, ಫ್ರಾಂಕ್‌ಫರ್ಟ್ ಥರದ ಕಡೆ ಒಂದು ಗೇಟಿಂದ ಇನ್ನೊಂದಕ್ಕೆ ನಡೆಯೋದೇ ಒಂದು ಪ್ರಯಾಣ. ಯುರೋಪಲ್ಲಿ ಇಳಿದ ದಿನವೇ ಮುಂದಿನ ವಿಮಾನ ಹಿಡೀಬೇಡಿ, ಓಸ್ಲೋಲೋ ಅಬರ್ಡೀನಲ್ಲೋ ಎರಡು ರಾತ್ರಿ ಮಲಗಿ, ಕಾಲಿನ ಊತ ಇಳೀಲಿ. ವಾಪಸ್ ಬರೋವಾಗ್ಲೂ ದ್ವೀಪದಿಂದ ಹೊರಡೋದಕ್ಕೂ ಬೆಂಗಳೂರು ವಿಮಾನಕ್ಕೂ ಮಧ್ಯೆ ಎರಡು ದಿನ ಬಿಡಿ, ಹಡಗು ನಿಂತ್ರೆ ಆ ಎರಡು ದಿನವೇ ಕಾಪಾಡೋದು. ಜೂನ್‌ಗೆ ಹೊರಡೋ ಮನಸ್ಸಿದ್ರೆ ಜನವರಿಲೇ ದ್ವೀಪಗಳ ರೂಮ್ ಹಿಡೀರಿ, ಊರುಗಳು ಚಿಕ್ಕವು, ರೂಮ್ ಕಮ್ಮಿ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋದನ್ನೇ ಆರಿಸ್ಕೊಳ್ಳಿ, ವಿಮಾನದ ಟಿಕೆಟ್ ಮಾತ್ರ ವೀಸಾ ಕೈಗೆ ಬಂದ್ಮೇಲೇ ತಗೊಳ್ಳಿ.